ಬೇಳೆ ಸಾಲದ ದಿನದ ಸಾರು

ಸುಗಟೂರಿನಲ್ಲಿ ಆಗ ಯಾರ ಮನೆ ಮುಂದೆ ನಿಂತರೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ನಮ್ಮದೂ ರೇಷ್ಮೆಹುಳು ಸಾಕುವ ಮನೆಯೇ. ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಡುಗೆಮನೆ ನನ್ನ ಪಾಲಿಗೆ ಬಂತು. ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಆಮೇಲೆ ಅವುಗಳ ಹಸಿವಿಗೆ ಮಿತಿಯೇ ಇಲ್ಲ. ಅಪ್ಪ, ಅಮ್ಮ ಇಬ್ಬರೂ ಹೊತ್ತು ಹೊತ್ತಿಗೆ ಸೊಪ್ಪು ಹಾಕುವುದರಲ್ಲೇ ಇರುತ್ತಿದ್ದರು. ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ ವಾರವಾಗಿತ್ತು; ಹೊಗೆಯ ಹತ್ತಿರ ಹೋಗಕೂಡದೆಂದು ಡಾಕ್ಟರು ಹೇಳಿದ್ದರು.

"ಎಷ್ಟು ಚಮಚ ಅಂತ ಸರಿಯಾಗಿ ಹೇಳಮ್ಮಾ" ಎಂದು ನಾನು ನೋಟ್‌ಬುಕ್ ಹಿಡಿದು ಕೂತೆ.

"ನಾನೇನ್ ಅಳ್ದು ಹಾಕ್ತೀನೇನೆ?" ಎಂದರೂ ಅಮ್ಮ ಉಪ್ಪು, ಪುಡಿ ಎಲ್ಲವನ್ನೂ ಅಂಗೈಗೆ ಹಾಕಿಕೊಂಡು, ಚಮಚಕ್ಕೆ ಸುರಿದು, ಲೆಕ್ಕ ಹೇಳಿದಳು. ಬೇಳೆಸಾರು, ನಾಲ್ಕು ಜನಕ್ಕೆ. ನಾಲ್ಕು ದಿನ ಆ ಪುಸ್ತಕ ನನ್ನ ಕೈಬಿಡಲಿಲ್ಲ. ಅಡುಗೆಮನೆಯ ಬಾಗಿಲಾಚೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದ ಅಜ್ಜಿಗೆ ಮಾತ್ರ ಅದು ಸರಿಬೀಳಲಿಲ್ಲ.

"ಬುಕ್ಕು ಉಪ್ಪು ನೋಡ್ತದೇನೇ? ನಾಲಿಗೆ ಯಾತಕ್ಕಿದೆ?"

ಐದನೆಯ ದಿನ ಬೆಳಿಗ್ಗೆ ಅಮ್ಮ ಓಡಿಬಂದಳು. ಹುಳುಗಳು ಒಂದು ದಿನ ಮೊದಲೇ ಹಣ್ಣಾಗಿ, ನೂಲು ಬಿಡಲು ತಯಾರಾಗಿದ್ದವು. ಹಣ್ಣಾದ ಹುಳುವನ್ನು ಬೇಗ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ಇದ್ದಲ್ಲೇ ನೂಲು ಬಿಟ್ಟು ಹಾಳುಮಾಡುತ್ತದೆ. ಅಕ್ಕಪಕ್ಕದಿಂದ ಎಂಟು ಜನ ಆಯಲು ಬಂದರು. "ಹನ್ನೆರಡು ಜನ ಕಣೇ. ಮುದ್ದೆ ಪಕ್ಕದ್ಮನೆ ಮುನಿಯಕ್ಕ ತೊಳಸ್ತಾಳೆ. ಸಾರು ನೀನು ಮಾಡ್ಬಿಡು" ಎಂದು ಅಮ್ಮ ಹೋದಳು.

ನಾಲ್ಕು ಮೂರಲಿ ಹನ್ನೆರಡು. ದೊಡ್ಡ ಪಾತ್ರೆ ಇಟ್ಟು ಹುಣಸೆಹುಳಿ, ಸಾರಿನ ಪುಡಿ, ಉಪ್ಪು ಎಲ್ಲವನ್ನೂ ಮೂರರಷ್ಟು ಹಾಕಿ ಕುದಿಸಿದೆ. ಆಮೇಲೆ ಬೇಳೆ ಡಬ್ಬ ತೆಗೆದರೆ ಅದರಲ್ಲಿದ್ದದ್ದು ನಾಲ್ಕು ಜನಕ್ಕಾಗುವ ಒಂದೇ ಪಾವು. ಅಂಗಡಿಗೆ ಓಡಿದೆ, ಅಂಗಡಿಯವರು ಸಂತೆಗೆ ಹೋಗಿದ್ದರು. ಇದ್ದ ಬೇಳೆಯನ್ನೇ ಬೇಯಿಸಿ ಹಾಕಿ, ಮೊದಲ ಸಲ ರುಚಿ ನೋಡಿದೆ. ಉಪ್ಪಿಗೂ ಹುಳಿಗೂ ಕಣ್ಣಲ್ಲಿ ನೀರು ಬಂತು.

ಒಂದು ಬಟ್ಟಲಲ್ಲಿ ಅಜ್ಜಿಗೆ ಕೊಟ್ಟೆ. ಬಾಯಿಗಿಟ್ಟವಳೇ, "ಏಮೇ ಇದಿ! ಏನೇ ಇದು, ಸಮುದ್ರದ ನೀರಾ?" ಎಂದಳು.

ನಾನು ಅಳತೊಡಗಿದೆ. "ಬುಕ್ಕಲ್ಲಿರೋ ಹಂಗೇ ಮಾಡ್ದೆ ಅಜ್ಜೀ. ಬೇಳೆ ಇಲ್ಲ. ಈಗೇನ್ ಮಾಡ್ಲಿ?"

"ಇಲ್ದಿರೋದ್ ಇರ್ಲಿ. ಇರೋದ್ ಏನು? ನೋಡ್ಕಂಡ್ ಬಾ, ಹೋಗು."

ಆಲೂಗಡ್ಡೆ ಇತ್ತು. ಮಡಿಕೆಯಲ್ಲಿ ಕಡಲೆಕಾಯಿ ಬೀಜ ಇತ್ತು. ಹಿತ್ತಲಲ್ಲಿ ನುಗ್ಗೆಗಿಡ. ಎಣಿಸಿ ಹೇಳಿದೆ.

"ಇದ್ರಲ್ಲಿ ಏನ್ ಹಾಕ್ಲಿ, ಹೇಳಜ್ಜೀ."

"ಸಾರು ಮಂದ ಆಗಕ್ಕೆ ಏನ್ ಬೇಕು? ಉಪ್ಪು ಹುಳಿ ಕಮ್ಮಿ ಆಗಕ್ಕೆ ಏನ್ ಮಾಡ್ಬೇಕು? ನೀನೇ ಹೇಳು."

ಅರ್ಧ ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿಟ್ಟೆ. ಉಳಿದದ್ದಕ್ಕೆ ನೀರು ಸುರಿದೆ. ಆಲೂಗಡ್ಡೆ ಬೇಯಿಸಿ, ಅರ್ಧ ಹೆಚ್ಚಿ, ಅರ್ಧ ಕಿವುಚಿ ಹಾಕಿದೆ. ಕಡಲೆಬೀಜ ಹುರಿದು ಅರೆದು ಬೆರೆಸಿದೆ. ನುಗ್ಗೆಸೊಪ್ಪು ಬಿಡಿಸಿ ತಂದೆ. ಪ್ರತಿಯೊಂದು ಹಾಕಿದಾಗಲೂ ಬಟ್ಟಲಲ್ಲಿ ಸ್ವಲ್ಪ ತೆಗೆದು ಮೊದಲು ನಾನು ನೋಡಿ, ಆಮೇಲೆ ಅಜ್ಜಿಗೆ ಕೊಟ್ಟೆ. ಮೂರನೆಯ ಸಲ ಅಜ್ಜಿ ಬಟ್ಟಲನ್ನು ಕೈಯಿಂದ ತಳ್ಳಿ, "ನಂಗ್ಯಾಕೆ ಕೇಳ್ತೀಯ? ಸಾಕಾ ಬೇಕಾ ಅಂತ ನಿಂಗೇ ಗೊತ್ತಾಗ್ತಿಲ್ವಾ?" ಎಂದಳು. ಗೊತ್ತಾಗುತ್ತಿತ್ತು. ಪುಡಿ ಇನ್ನೊಂಚೂರು ಬೇಕಿತ್ತು. ಎಷ್ಟೆಂದು ನೋಡದೆ ಮೂರು ಬೆರಳಲ್ಲಿ ಹಿಡಿದು ಹಾಕಿದೆ. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟೆ.

ಕೈ ತೊಳೆದು ಬಂದ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ಸಾರು ಬಡಿಸಿ ನಾನು ಬಾಗಿಲ ಹಿಂದೆ ನಿಂತೆ.

ಮುನಿಯಕ್ಕ ತಲೆಯೆತ್ತಿ, "ಇದೇನ್ ಸಾರಮ್ಮ, ಹೆಸ್ರೇನು?" ಎಂದಳು.

"ಗೊತ್ತಿಲ್ಲ" ಎಂದೆ.

"ಉಪ್ಪು ಒಂದ್ ಕಲ್ಲು ಮುಂದಿದೆ" ಎಂದು ಹೇಳಿ, ಅವಳು ತಟ್ಟೆ ಚಾಚಿದಳು. "ಇನ್ನೊಂದ್ ಸೌಟು ಹಾಕು."

ಅಪ್ಪನೂ ಎರಡನೆಯ ಸಲ ಹಾಕಿಸಿಕೊಂಡ. ಅಮ್ಮ ತಿರುಗಿ ನನ್ನ ಮುಖ ನೋಡಿದಳು. ಬಗ್ಗಿಸಿಟ್ಟಿದ್ದ ಸಾರನ್ನು ಮಾರನೆಯ ದಿನ ಹುರುಳಿಕಾಳಿಗೆ ಹಾಕಿ ಮುಗಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಸುಗಟೂರಿನ ನಮ್ಮ ಹೊಲದಲ್ಲಿ ಹಿಪ್ಪುನೇರಳೆ ಇಲ್ಲ, ಟೊಮೇಟೊ ಇದೆ. ಬಿಡಿಸಲು ಬರುವವರು ಟೆಂಪೋದಲ್ಲಿ ತಮ್ಮ ತಮ್ಮ ಊಟದ ಡಬ್ಬಿ ತರುತ್ತಾರೆ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಕೋಲಾರದ ನನ್ನ ಮನೆಯಲ್ಲಿ ನಾವು ಮೂವರು. ಫ್ರಿಜ್ಜಿನಲ್ಲಿ ಏನು ಉಳಿದಿದೆಯೋ ಅದರಲ್ಲೇ ಅಡುಗೆ ಆಗುತ್ತದೆ. ಅದಕ್ಕಾಗಿ ನಾನು ಎಂದೂ ಚಿಂತೆ ಮಾಡಿಲ್ಲ. ನೆಂಟರು ಬರುವ ಮೊದಲು ಫೋನ್ ಮಾಡುತ್ತಾರೆ, "ನಮ್ದು ಊಟ ಆಗಿದೆ, ನೀವೇನೂ ಮಾಡ್ಬೇಡಿ" ಎನ್ನುತ್ತಾರೆ. ಎಷ್ಟು ಜನ ಬಂದರೂ ನಿಭಾಯಿಸಬಲ್ಲೆ. ಹೇಳದೆ ಬಂದು ತಟ್ಟೆ ಮುಂದೆ ಕೂರುವವರೇ ಈಗ ಇಲ್ಲ.