ಅಮಾವಾಸ್ಯೆಯ ಹಿಟ್ಟು

ಅಮಾವಾಸ್ಯೆ ದಿನ ಮಧ್ಯಾಹ್ನ ನಮ್ಮತ್ತೆ ಮಿಲ್ಲಿನಿಂದ ಮನೆಗೆ ಬಂದರೆ ಅವರ ಹುಬ್ಬು, ರೆಪ್ಪೆ, ಕಿವಿಯ ಪಕ್ಕದ ನವಿರು ಕೂದಲು ಎಲ್ಲವೂ ಬೂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಮೂಗುತಿಯ ಕೆಂಪು ಹರಳಿನ ಮೇಲೂ ರಾಗಿ ಹಿಟ್ಟು ಕೂತಿರುತ್ತಿತ್ತು. ತಲೆ ಮೇಲಿನ ಡಬ್ಬ ಇಳಿಸಿ, ಗೇಟಿನ ಹೊರಗೇ ಸೆರಗು ಕೊಡವಿ, "ಬಿಸಿ ಅದೆ, ಮುಟ್ಬ್ಯಾಡ, ಆರ್ಲಿ" ಎನ್ನುತ್ತ ಒಳಗೆ ಬರುತ್ತಿದ್ದರು. ಮಿಲ್ಲಿನವನ ಜೊತೆ ಜಗಳವಾಡಿ ಬಂದ ದಿನ ಅವರೂ ಡಬ್ಬದಷ್ಟೇ ಬಿಸಿಯಾಗಿರುತ್ತಿದ್ದರು. ಆ ಡಬ್ಬದಲ್ಲಿ ನನ್ನ ಮುಂದಿನ ಅಮಾವಾಸ್ಯೆಯವರೆಗಿನ ಊಟ ಇರುತ್ತಿತ್ತು.

ಅತ್ತೆ ಪೂರಿಗಾಲಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಮಾವ ತೀರಿಕೊಂಡ ಮೇಲೆ ಮಂಡ್ಯಕ್ಕೆ ನಮ್ಮ ಮನೆಗೆ ಬಂದವರು. ಫೋನಿನಲ್ಲಿ ಮಾತಾಡಿದರೂ ಎರಡು ಗದ್ದೆ ಆಚೆ ಇರುವವರನ್ನು ಕರೆದ ಹಾಗೆ ಇರುತ್ತಿತ್ತು. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇದ್ದವರು ಎರಡೇ ಬಗೆಯ ಜನ: ಉಣ್ಣುವವರು, ಉಣ್ಣದವರು. ಇಕ್ಕಿದ್ದನ್ನು ಉಣ್ಣದೆ ಎದ್ದವರನ್ನು ಅವರು ನಂಬುತ್ತಿರಲಿಲ್ಲ. ಅಂಥ ಅತ್ತೆಗೆ ದೇವರು ನನ್ನನ್ನು ಸೊಸೆ ಮಾಡಿ ಕಳಿಸಿದ.

ಮದುವೆಯಾದ ವರ್ಷದ ಯುಗಾದಿಗೆ ಅವರು ಮಾಡಿದ ಒಬ್ಬಟ್ಟನ್ನು ನಾನು ಒಂದು ಚೂರು ಮುರಿದು ತಿಂದು ಪಕ್ಕಕ್ಕಿಟ್ಟೆ. ತಿಂದರೆ ಹೊಟ್ಟೆ ಕೆಡುತ್ತದೆಂದು ನನಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಅತ್ತೆ ಹಿತ್ತಿಲಿಗೆ ಹೋಗಿ ಪಕ್ಕದ ಮನೆಯವರಿಗೆ ನನಗೆ ಕೇಳುವಷ್ಟು ಜೋರಾಗಿ, "ನನ್ ಕೈಯಡ್ಗೆ ಅವಳ್ಗೆ ಇಡ್ಸಾಕಿಲ್ಲ ಕಣಮ್ಮ. ಮದ್ದೂರಿನೋಳಲ್ವಾ, ಓಟ್ಲು ರುಚಿ" ಎಂದರು.

ಆಮೇಲೂ ವರ್ಷಗಟ್ಟಲೆ ನಾನು ನರಳಿದೆ. ಒಬ್ಬ ಡಾಕ್ಟರು ಗ್ಯಾಸ್ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು, ನಮ್ಮಮ್ಮ ಮದ್ದೂರಿನಿಂದ ಬಂದು ದೃಷ್ಟಿ ತೆಗೆದು ಹೋದರು. ತಿಂದದ್ದು ಮೈಗೆ ಹತ್ತದೆ ರಕ್ತ ಇಳಿಯುತ್ತ ಹೋಯಿತು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ಒಂದು ದಿನ ಕಣ್ಣು ಕತ್ತಲಿಟ್ಟು ಬೋರ್ಡು ಹಿಡಿದು ನಿಂತೆ. ಆಗ ಮೈಸೂರಿನ ಆಸ್ಪತ್ರೆಗೆ ಹೋದೆವು. ಬಾಯಿಂದ ಟ್ಯೂಬು ಇಳಿಸಿ ನೋಡಿದ ಡಾಕ್ಟರಮ್ಮ ಸೀಲಿಯಾಕ್ ಎಂದು ಹೆಸರು ಹೇಳಿದರು. ಗೋಧಿಯ ಅಂಟು ನನ್ನ ಕರುಳಿಗೆ ಆಗದು. ಚೂರೇ ಚೂರು ಹೋದರೂ ಕರುಳಿನ ಒಳಗೋಡೆ ಸವೆಯುತ್ತದೆ. ಮಾತ್ರೆಯಿಲ್ಲ, ಗೋಧಿ ಬಿಡುವುದೇ ಮದ್ದು. ಕರುಳು ಕೆಟ್ಟಿದ್ದರಿಂದ ಹಾಲೂ ದಕ್ಕುವುದಿಲ್ಲ. ಕಡಲೆಕಾಯಿ ತಿಂದರೆ ತುಟಿ ಊದುವುದು ಚಿಕ್ಕಂದಿನಿಂದಲೇ ಇತ್ತು.

ಚಪಾತಿ, ಉಪ್ಪಿಟ್ಟು, ಶಾವಿಗೆ, ಬಿಸ್ಕತ್ತು, ಕಾಫಿ, ಮೊಸರನ್ನ, ಕೊನೆಗೆ ಅಂಗಡಿಯ ಹಿಂಗು ಕೂಡ ಹೋಯಿತು. ಹಿಂಗಿಗೂ ಗೋಧಿ ಹಿಟ್ಟು ಬೆರೆಸುತ್ತಾರಂತೆ. ರವೆ, ಮೈದಾ ಇದ್ದ ಮೇಲೆ ಮದ್ದೂರು ವಡೆಯೂ ಹೋಯಿತು. ಮದ್ದೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಆ ವಡೆಯ ವಾಸನೆಯನ್ನು ರೈಲಿನ ಕಿಟಕಿಯಲ್ಲಿ ಕುಡಿದು ಸುಮ್ಮನಾಗು ಅಂದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಅತ್ತುಬಿಟ್ಟೆ.

ಅತ್ತೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೋದಿ ತಾನೆ? ನಾವ್ ಯಾವ್ ಕಾಲ್ದಲ್ಲಿ ಗೋದಿ ತಿಂದೋ? ಇಟ್ಟುಣ್ಣು, ಸೊಪ್ಸಾರು ಕುಡಿ. ಈ ಕಾಯ್ಲೆ ಬರೋದಾದ್ರೆ ನಮ್ಮನೆಗೇ ಬರ್ಬೇಕು ಕಣವ್ವ!" ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುವುದೇ ವಾಡಿಕೆ. ಆವತ್ತಿನಿಂದ ನನ್ನನ್ನು ವಾಸಿ ಮಾಡುವ ಕೆಲಸವನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು. ಎರಡು ಹೊತ್ತೂ ಮುದ್ದೆ. ಸಾಕು ಅಂದರೂ ಇನ್ನೊಂದು. ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಹುಯ್ಯುತ್ತಿದ್ದರು.

ತಿಂಗಳುಗಳು ಕಳೆದವು, ನಾನು ವಾಸಿಯಾಗಲಿಲ್ಲ. ಬಳೆಗಳು ಮೊಣಕೈವರೆಗೆ ಏರಿ ಇಳಿಯುತ್ತಿದ್ದವು. ನಾನು ಕಾಲೇಜಿನ ಕ್ಯಾಂಟೀನಿನಲ್ಲಿ ಕದ್ದು ತಿನ್ನುತ್ತೇನೆಂದು ಅತ್ತೆಗೆ ಗುಮಾನಿ. ಅವರು ಮಗನಿಗೆ ಚಪಾತಿ ಮಾಡಿದ ಕೈಯನ್ನು ತೊಳೆಯುವುದಿಲ್ಲವೆಂದು ನನಗೆ ಗುಮಾನಿ. ಒಂದು ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ನಾನು ಒಂದು ಪಾತ್ರೆಯಲ್ಲಿ ಬರೀ ಅನ್ನ ಬೇಯಿಸಿಕೊಂಡು ಕೋಣೆಯಲ್ಲಿ ಕೂತು ಉಣ್ಣತೊಡಗಿದೆ. ಅಡುಗೆಮನೆಯಲ್ಲಿ ಮುದ್ದೆ ಕೋಲಿನ ಸದ್ದು ನಿಂತುಹೋಯಿತು. ಅತ್ತೆಯೂ ಅನ್ನವನ್ನೇ ಉಣ್ಣುತ್ತಿದ್ದರು, ಬೇರೆ ಹೊತ್ತಿನಲ್ಲಿ. ಕಾಯಿಲೆಗಿಂತ ಆ ದಿನಗಳೇ ನನಗೆ ಹೆಚ್ಚು ಸಂಕಟ ಕೊಟ್ಟವು.

ಮುಂದಿನ ಸಲ ಮೈಸೂರಿಗೆ ಹೋಗುವಾಗ ಅವರು ತಾವೂ ಬರುತ್ತೇನೆಂದು ಹೊರಟರು. ಡಾಕ್ಟರೆದುರು ನನ್ನ ಕ್ಯಾಂಟೀನು ಕಥೆ ಬಯಲು ಮಾಡುವುದು ಅವರ ಉದ್ದೇಶ ಇದ್ದಿರಬೇಕು. ಡಾಕ್ಟರಮ್ಮ ನಾನು ತಿನ್ನುವುದನ್ನೆಲ್ಲ ಒಂದೊಂದಾಗಿ ಕೇಳುತ್ತ, "ರಾಗಿ ಹಿಟ್ಟು ಅಂಗಡೀದಾ, ಮಿಲ್ಲಿಂದಾ?" ಎಂದರು.

ಅತ್ತೆ ಕುರ್ಚಿಯಲ್ಲಿ ಮುಂದೆ ಸರಿದರು. "ಅಂಗ್ಡಿ ಇಟ್ಟು ಯಾಕ್ ತಿನ್ಸನವ್ವ? ನಮ್ಮೂರ್ ರಾಗಿ. ನಾನೇ ಕೇರಿ, ಒಣಗ್ಸಿ, ಮಿಲ್ಗೆ ಆಕುಸ್ತೀನಿ. ಗೋದಿಯೋರ್ದೆಲ್ಲ ಮುಗುದ್ಮೇಲೆ ನಮ್ದು."

"ಗೋಧಿ ಮುಗಿದ ಮೇಲೆ ಅಂದ್ರೆ?"

"ರಾಗಿ ಮೊದ್ಲು ಆಕುದ್ರೆ ಅವರ ಚಪಾತಿ ಇಟ್ಟು ಕರ್ಗಾಯ್ತದಲ್ಲ. ಅದ್ಕೇ ಗೋದಿ ಮುಂದೆ, ರಾಗಿ ಇಂದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮಾ, ಮುಂದೆ ಹೋದ ಗೋಧಿಯೆಲ್ಲ ಹೊರಗೆ ಬಂದುಬಿಡಲ್ಲ. ಕಲ್ಲಲ್ಲಿ, ಹಿಟ್ಟು ಇಳಿಯೋ ಬಟ್ಟೇಲಿ ಕೂತಿರುತ್ತೆ. ಹಿಂದೆ ಬರೋ ನಿಮ್ಮ ರಾಗಿ ಅದನ್ನ ಒರೆಸ್ಕೊಂಡು ಬರುತ್ತೆ."

ಮಿಲ್ಲಿನ ಈ ಸರದಿ ನನಗೂ ಗೊತ್ತಿದ್ದದ್ದೇ. ಬೆಳಿಗ್ಗೆ ಗೋಧಿಯ ಡಬ್ಬಗಳು, ಮಧ್ಯಾಹ್ನದ ಮೇಲೆ ರಾಗಿಯ ಚೀಲಗಳು. ಚಿಕ್ಕವಳಾಗಿದ್ದಾಗ ನಾನೇ ಆ ಸಾಲಿನಲ್ಲಿ ನಿಂತಿದ್ದೇನೆ. ಒಂದು ದಿನವೂ ಅದರ ಬಗ್ಗೆ ಯೋಚಿಸಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೊಳೆ ನೋಡುತ್ತ, "ನನ್ ಕೈಯಾರೆ ಇಕ್ಬುಟ್ನಲ್ಲವ್ವಾ. ನೀನು ಬ್ಯಾಡ ಬ್ಯಾಡ ಅಂದ್ರೂ ಇನ್ನೊಂದ್ ಮುದ್ದೆ ಇಕ್ಕುದ್ನಲ್ಲ" ಎಂದರು.

"ಬುಡಿ ಅತ್ತೆ. ನಿಮ್ಗೇನ್ ಗೊತ್ತಿತ್ತಾ?" ಎಂದೆ.

"ನಂಗೆ ಗೊತ್ತಿರ್ನಿಲ್ಲ. ನಿನ್ ಒಟ್ಟೆಗೆ ಗೊತ್ತಾಯ್ತಿತ್ತಲ್ಲ."

ಅಷ್ಟು ದೊಡ್ಡ ದನಿಯ ಹೆಂಗಸು ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆ ಬಸ್ಸಿನಲ್ಲೇ ಇಳಿದುಹೋಯಿತು.

ಬೆಂಗಳೂರಿನಿಂದ ಪ್ಯಾಕೆಟ್ಟು ಹಿಟ್ಟು ತರಿಸಿದೆವು. ಅದರ ಮುದ್ದೆ ಮುರಿದರೆ ಪುಡಿಪುಡಿ. ಅತ್ತೆ ಒಂದು ತುತ್ತು ನುಂಗಿ, "ಇದು ಔಸ್ದಿ, ಇಟ್ಟಲ್ಲ" ಎಂದು ತಟ್ಟೆ ಸರಿಸಿದರು. ಪೂರಿಗಾಲಿಯಿಂದ ಬೀಸುವ ಕಲ್ಲು ತರಿಸೋಣವೇ ಎಂದು ಕೇಳಿದೆ. "ಅದ್ರಲ್ಲಿ ಯಾರೂ ಗೋದಿ ಬೀಸಿಲ್ಲ ಅಂತ ಎಂಗ್ ನಂಬೋದು? ನನ್ ತೋಳೂ ಮೊದ್ಲಂಗಿಲ್ಲ" ಎಂದರು. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬೀದಿಯ ಕೊನೆಯ ಮಿಲ್ಲಿಗೆ ಹೋದರು. ನಮಗಾಗಿ ಕಲ್ಲು ತೆಗೆದು ಚೊಕ್ಕ ಮಾಡಬೇಕೆಂದು ಕೇಳಿದ್ದಕ್ಕೆ ಮಿಲ್ಲಿನವನು ಆಗದೆಂದು ತಲೆಯಾಡಿಸಿದ.

"ನಿಮ್ಮೊಂದ್ ಡಬ್ಬಕ್ಕೆ ಕಲ್ಲು ಬಿಚ್ಚಾಕಾದದಾ ಅವ್ವೋ?"

"ಅಮಾಸೆ ದಿನ ಬಿಚ್ತೀಯಲ್ಲ?"

"ಅಮಾಸೆ ದಿನ ಕಲ್ಲು ಉಜ್ಜಿ, ಪೂಜೆ ಮಾಡಿ, ಬಾಗ್ಲಾಕ್ತೀನಿ. ಯಾರ್ದೂ ಆಕಾಕಿಲ್ಲ."

"ಕಲ್ಲು ಸರ್ಯಾಗ್ ಕೂತದೋ ಇಲ್ವೋ ಅಂತ ಎಂಗ್ ನೋಡ್ತೀಯ?"

"ವಸಿ ಗೋದಿ ಆಕಿ ತಿರುಗುಸ್ತೀನಿ."

"ಅದ್ರ ಬದ್ಲು ನನ್ ರಾಗಿ ಆಕು. ನಿನ್ ಗೋದಿನೂ ಉಳೀತದೆ."

ಅವನು ತಲೆ ಕೆರೆದುಕೊಂಡ. "ಮಾರ್ನೆ ದಿನ ಗೋದಿಯೋರು ಬಂದ್ರೆ? ಅವರಿಟ್ಟು ಕರ್ಗಾಗಾಕಿಲ್ವಾ?"

"ದನಕ್ಕೆ ಜೋಳ ನುಚ್ಚು ಮಾಡ್ಸಾಕೆ ಬತ್ತಾರಲ್ಲ, ಅವರ್ದು ಮೊದ್ಲು ಆಕು. ಅಸ ಬಣ್ಣ ನೋಡ್ತದಾ?"

ಅವನು ಸೋತ. ಮುಂದಿನ ಅಮಾವಾಸ್ಯೆಯಿಂದ ಮೊದಲ ಸರದಿ ನಮ್ಮತ್ತೆಯದು. ಕಲ್ಲು ಉಜ್ಜುವಾಗ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, "ಆ ಸಂದಿ ನೋಡು, ಬೆಳ್ಳಗದೆ" ಎಂದು ಬೆರಳು ಮಾಡುತ್ತಿದ್ದರು. ಮೊದಲು ಬಿದ್ದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆಂದು ಅದನ್ನು ಪಕ್ಕದ ಮನೆಯ ಹಸುವಿಗೆ ತೆಗೆದಿಡುತ್ತಿದ್ದರು. ಹಿಟ್ಟು ಇಳಿಯುವ ಬಾಯಿಗೆ ಒಂದು ಬಟ್ಟೆಯ ತೋಳು ಕಟ್ಟಿರುತ್ತಾರಲ್ಲ, ಅದರಲ್ಲೂ ಗೋಧಿ ಕೂತಿರುತ್ತದೆಂದು ತಮ್ಮದೊಂದು ಹಸಿರು ಲಂಗವನ್ನು ಕತ್ತರಿಸಿ ಬೇರೆಯೇ ತೋಳು ಹೊಲಿದುಕೊಂಡರು. ಹೋಗುವಾಗ ಒಯ್ದು, ಬರುವಾಗ ಬಿಚ್ಚಿ ತಂದು, ಒಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದರು. ಬೀದಿಯವರು ಮಿಲ್ಲಿಗೆ ಲಂಗ ತೊಡಿಸಿದವರು ಎಂದು ನಗುತ್ತಿದ್ದರು. ಅತ್ತೆ ಕ್ಯಾರೇ ಅನ್ನಲಿಲ್ಲ.

ನಾನು ಕೋಣೆ ಬಿಟ್ಟು ಅಡುಗೆಮನೆಗೆ ಬಂದು ಕೂತೆ. ನಿಧಾನಕ್ಕೆ ಮೈಗೆ ರಕ್ತ ಬಂತು, ಬಳೆ ಮುಂಗೈಯಲ್ಲಿ ನಿಂತಿತು. ಹಾಲು ಮಾತ್ರ ಇವತ್ತಿಗೂ ಆಗದು.

ಮನೆಯೊಳಗೆ ಗೆದ್ದರೆ ಸಾಕೇ? ನೆಂಟರ ಮನೆಗಳಿರುತ್ತವಲ್ಲ. ಮಳವಳ್ಳಿಯಲ್ಲಿ ಒಂದು ಬೀಗರ ಔತಣ. ಅಲ್ಲಿನ ಮುದ್ದೆಯೂ ಮಿಲ್ಲಿನ ಹಿಟ್ಟಿನದೇ, ಮುಟ್ಟುವಂತಿಲ್ಲ. ಒಬ್ಬಟ್ಟು ಬೇಡ ಅಂದವಳನ್ನು ಜನ ಹೇಗೋ ಕ್ಷಮಿಸುತ್ತಾರೆ. ಮುದ್ದೆ ಬೇಡ ಅಂದವಳನ್ನು ನಮ್ಮ ಕಡೆ ಕ್ಷಮಿಸುವುದಿಲ್ಲ. ಬಡಿಸಲು ಬಂದ ಹಿರಿಯರೊಬ್ಬರು, "ವಸಿ ತಿಂದ್ರೆ ಏನಾದದವ್ವ? ನಮ್ಮನೆ ಊಟ ಆಗಾಕಿಲ್ವಾ?" ಎಂದು ಮುದ್ದೆ ಹಿಡಿದು ನಿಂತೇಬಿಟ್ಟರು. ನನಗೆ ನಾಚಿಕೆಯಿಂದ ಅಳು ಬರುವಂತಾಗಿತ್ತು.

ಪಕ್ಕದಲ್ಲಿದ್ದ ಅತ್ತೆ ತಲೆಯೆತ್ತಿ, "ವಸಿ ಇಸ ಕುಡುದ್ರೆ ಏನಾದದು? ನೀನ್ ಕುಡುದು ಏಳು, ಆಮೇಲ್ ಇವಳ್ಗೆ ಇಕ್ಕು" ಎಂದರು. ಹಜಾರವೆಲ್ಲ ತಿರುಗಿ ನೋಡಿತು. ಅತ್ತೆ ಮಡಿಲಿನಿಂದ ಬಟ್ಟೆಯ ಗಂಟು ತೆಗೆದರು. ಅಮಾವಾಸ್ಯೆ ಹಿಟ್ಟಿನ ಮುದ್ದೆ ಎರಡಿದ್ದವು, ಡಬ್ಬಿಯಲ್ಲಿ ಬಸ್ಸಾರು. ಒಂದು ನನ್ನ ಎಲೆಗಿಟ್ಟು, ಇನ್ನೊಂದು ತಮ್ಮ ಎಲೆಗಿಟ್ಟುಕೊಂಡರು. ಸುತ್ತಲೂ ಮಟನ್ ಸಾರಿನ ಘಮ. ಮಟನ್ ಅಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅವರು. "ನೀವು ಅದನ್ನ ಉಣ್ಣಿ ಅತ್ತೆ" ಎಂದೆ.

"ಒಬ್ಳೇ ಉಂಡ್ರೆ ಅದು ರೋಗಿ ಊಟ. ಇಬ್ರು ಉಂಡ್ರೆ ಊಟ ಅಷ್ಟೆ. ಉಣ್ಣು."

ಆವತ್ತು ಉಂಡ ಹಾಗೆ ನಾನು ಯಾವ ಮದುವೆಯಲ್ಲೂ ಉಂಡಿಲ್ಲ.

ಅವರು ಬಿಡದೆ ಉಳಿಸಿಕೊಂಡದ್ದು ಒಂದೇ ಒಂದು ಚಪಲ: ಮದ್ದೂರು ವಡೆ. ನನ್ನ ಗಂಡ ಆಗಾಗ ತಂದುಕೊಡುತ್ತಿದ್ದರು. ಪೊಟ್ಟಣ ಗೇಟು ದಾಟುವಂತಿರಲಿಲ್ಲ. ಅತ್ತೆ ಹೊರಗೆ ಹೋಗಿ ಕಾಂಪೌಂಡಿನ ಗಿಡ್ಡ ಗೋಡೆಯ ಮೇಲೆ ಕೂತು, ಬೀದಿ ನೋಡುತ್ತ, ಮುರಿ ಮುರಿದು ತಿನ್ನುತ್ತಿದ್ದರು. ಮುಗಿದ ಮೇಲೆ ಕಾಗದವನ್ನು ಚರಂಡಿಯಾಚೆ ಎಸೆದು, ಚೊಂಬಿನ ನೀರಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಸೆರಗು ಕೊಡವಿಕೊಂಡು ಒಳಗೆ ಬರುತ್ತಿದ್ದರು. "ಏನವ್ವ, ಸೊಸೆ ಒಳೀಕೆ ಸೇರುಸ್ನಿಲ್ವಾ?" ಎಂದು ಹೋಗಿಬರುವವರು ಚುಡಾಯಿಸಿದರೆ, "ಅವಳು ಸೇರುಸ್ತಾಳೆ, ನಾನೇ ಸೇರುಸಾಕಿಲ್ಲ ಈ ವಡೆನ" ಎನ್ನುತ್ತಿದ್ದರು.

ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಅತ್ತೆ ತೀರಿಕೊಂಡರು. ಬೆಳಿಗ್ಗೆ ರಾಗಿ ಕೇರಿ ಡಬ್ಬಕ್ಕೆ ತುಂಬಿಟ್ಟು, ಎದೆ ಉರಿ ಎಂದು ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಅಮಾವಾಸ್ಯೆ. ನನಗೆ ಅದರ ನೆನಪೂ ಇರಲಿಲ್ಲ. ಮಿಲ್ಲಿನವನು ಬಾಗಿಲಲ್ಲಿ ಬಂದು ನಿಂತು, "ಆ ಅಸ್ರು ತೋಳು ಕೊಡ್ರವ್ವ, ರಾಗಿನೂ" ಎಂದ.

"ಸೂತಕ ಕಣಣ್ಣ ನಮ್ಗೆ. ಈಗೆಲ್ಲಿ?"

"ಸೂತಕ ನಿಮ್ಗೆ, ಕಲ್ಗಲ್ಲ. ಕಲ್ಲು ಉಜ್ಜಿಟ್ಟಿವ್ನಿ. ಈ ಅಮಾಸೆ ತಪ್ಸುದ್ರೆ ಆಯಮ್ಮ ಅಲ್ಲಿಂದ್ಲೇ ಬೈತದೆ."

ಮಧ್ಯಾಹ್ನ ಅವನು ಡಬ್ಬ ಹೊತ್ತು ತಂದಾಗ ಅವನ ಹುಬ್ಬುಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ತಿಥಿಯ ದಿನ ನನ್ನ ಗಂಡನ ಅಕ್ಕ, ಅವ್ವನ ಎಡೆಗೆಂದು ಮದ್ದೂರಿನಿಂದ ವಡೆ ತಂದರು. ಅವರು ಗೇಟು ದಾಟುವ ಮೊದಲೇ ನಾನು ಅಡ್ಡ ನಿಂತೆ. ಅವರ ಮುಖ ಕಪ್ಪಿಟ್ಟಿತು. "ಇವತ್ತೊಂದಿನಾನೂ ಆಗಾಕಿಲ್ವಾ ನಿಂಗೆ? ನಮ್ಮವ್ವನ ಎಡೆಗೂ ಬ್ಯಾಡ್ವಾ?" ಎಂದರು.

"ಬ್ಯಾಡ ಅಂತಿಲ್ಲ ಅಕ್ಕ. ಒಳಗೆ ಇಟ್ರೆ ಅತ್ತೆ ತಿನ್ನಾಕಿಲ್ಲ" ಎಂದೆ.

ಕಾಂಪೌಂಡಿನ ಗಿಡ್ಡ ಗೋಡೆಯನ್ನು ಒರೆಸಿ, ಅವರು ಕೂರುತ್ತಿದ್ದ ಜಾಗದಲ್ಲಿ ಬಾಳೆಲೆ ಹಾಸಿದೆ. ಅಕ್ಕ ಪೊಟ್ಟಣ ಬಿಚ್ಚಿ ವಡೆಗಳನ್ನು ಎಲೆಯ ಮೇಲಿಟ್ಟರು. ಒಳಗೆ ನನ್ನ ಮುದ್ದೆ ಆರುತ್ತಿತ್ತು. ಹೋಗುವ ಮೊದಲು ಎಲೆಯ ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟೆ, ತಿಂದಾದ ಮೇಲೆ ಬಾಯಿ ಮುಕ್ಕಳಿಸಿಕೊಂಡು ಒಳಗೆ ಬರಲಿ ಎಂದು.