ದಾರೆ ತಂಡದ ಐದನೆಯ ಹುಡುಗಿ

ರುಕ್ಮಿಣಿಯ ಬಗ್ಗೆ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಮೂರು ವರ್ಷದಿಂದ ನನಗೆ ಅವಳ ಮೇಲೆ ಸಿಟ್ಟಿದೆ. ಅದನ್ನು ನುಂಗಿಕೊಂಡು ಬರೆಯುವಷ್ಟು ಒಳ್ಳೆಯವಳು ನಾನಲ್ಲ.

ಮೈಸೂರಿನ ಸರಸ್ವತಿಪುರಂನವಳು, ಈಗ ಅಮೆರಿಕದ ಮಿಲ್ ಕ್ರೀಕ್‌ನಲ್ಲಿದ್ದಾಳೆ. ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ. ಮಗಳು ಪೂಜಿತಾಳಿಂದ ಇವಳಿಗೂ ಕೊರಿಯನ್ ಹಾಡಿನ ಹುಚ್ಚು ಹತ್ತಿತು. ಮಗಳ ಹುಚ್ಚು ಇಳಿಯಿತು, ತಾಯಿಯದು ಏರಿತು. ದಾರೆ ಎಂಬ ಐದು ಹುಡುಗಿಯರ ತಂಡಕ್ಕೆ ಬಂದ ಪ್ರತಿಯೊಂದು ಪ್ರಶಸ್ತಿಯನ್ನೂ ಅಭಿಮಾನಿಗಳ ವೆಬ್‌ಸೈಟಿನಲ್ಲಿ ದಾಖಲಿಸುವವಳು ಇವಳೇ. ಯಾವ ಊರು, ಯಾವ ದಿನ, ವೇದಿಕೆಯ ಮೇಲೆ ಯಾರು ಕೈಚಾಚಿ ತೆಗೆದುಕೊಂಡರು, ಎಲ್ಲವೂ ಇರಬೇಕು. ನಲವತ್ತೆಂಟರ ಹೆಂಗಸು ರಜೆ ಹಾಕಿ ಈ ಕೆಲಸ ಮಾಡುವುದನ್ನು ನಾನೇ ನೋಡಿದ್ದೇನೆ.

ಇದೇ ರುಕ್ಮಿಣಿ ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಕನ್ನಡ ತರಗತಿಯ ಶಿಕ್ಷಕರ ಪಟ್ಟಿ ಮಾಡಿದಳು. ಆರು ವರ್ಷ, ಪ್ರತಿ ಭಾನುವಾರ ಡುವಾಲ್‌ನ ನಮ್ಮ ಮನೆಯಿಂದ ಲಿನ್‌ವುಡ್‌ಗೆ ಕಾರು ಓಡಿಸಿಕೊಂಡು ಹೋಗಿ ಮಕ್ಕಳಿಗೆ ಕಾಗುಣಿತ ತಿದ್ದಿಸಿದ ನನ್ನ ಹೆಸರು ಅದರಲ್ಲಿರಲಿಲ್ಲ. ಯಾಕೆಂದರೆ ರಾಜ್ಯೋತ್ಸವದ ದಿನ ಸ್ಪಾನ್ಸರ್ ಮಹಾಶಯನೊಬ್ಬ ಮನೆ ಮಾರುವ ಬಗ್ಗೆ ಅರ್ಧ ಗಂಟೆ ಕೊರೆಯುವಾಗ, ಶೋಭೆಗೆಂದು ಹಿಂದೆ ನಿಲ್ಲಿಸಿದ್ದ ಮಕ್ಕಳನ್ನು ನಾನು ಕೆಳಗಿಳಿಸಿಕೊಂಡು ಹೋಗಿದ್ದೆ. ಸಮಿತಿಯವರು ಕೂಗಾಡಿದರು, ನಾನೂ ಕೂಗಾಡಿ ಬಿಟ್ಟುಬಂದೆ. ಬಿಟ್ಟವಳು ಇರಲೇ ಇಲ್ಲವೆಂಬಂತೆ ಮಾಡಿದರು. ಅವತ್ತಿನಿಂದ ನಾನು ರುಕ್ಮಿಣಿಯ ಮನೆ ಹೊಸಿಲು ತುಳಿದಿಲ್ಲ.

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಅವಳೇ ನಮ್ಮ ಮನೆಗೆ ಬಂದಳು. ಕೊನೆಗೂ ತಪ್ಪಾಯಿತು ಎನ್ನಲು ಬಂದಿದ್ದಾಳೆ ಅಂದುಕೊಂಡು ಕಾಫಿಗೆ ಇಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಯಾಮಿನಿ, ಹಾಯಿನ್‌ಗೆ ಎಂಥ ಅನ್ಯಾಯ ಮಾಡಿದಾರೆ ಗೊತ್ತಾ?" ಅಂದಳು.

ಹಾಯಿನ್ ಆ ತಂಡದ ಐದನೆಯ ಹುಡುಗಿ. ತಂಡವನ್ನು ನಡೆಸುವ ಕಂಪನಿಯ ಜೊತೆ ಜಗಳವಾಡಿ ಹೊರಬಂದಿದ್ದಳಂತೆ. ಅವಳಿದ್ದ ವಿಡಿಯೊಗಳನ್ನೆಲ್ಲ ಕಂಪನಿ ತೆಗೆಸಿಹಾಕಿತ್ತು. ಹಳೆಯ ಪ್ರಶಸ್ತಿಗಳಿಂದ ಅವಳ ಹೆಸರು ಅಳಿಸು, ಇಲ್ಲವೇ ಸಾಕ್ಷಿ ಕೊಡು ಎಂದು ವೆಬ್‌ಸೈಟಿನವರು ರುಕ್ಮಿಣಿಗೆ ಹೇಳಿದ್ದರು. ಟಕೋಮಾದ ಸಂಗೀತೋತ್ಸವದಲ್ಲಿ ವರ್ಷದ ತಂಡ ಪ್ರಶಸ್ತಿಯನ್ನು ಹಾಯಿನ್ ಸ್ವೀಕರಿಸಿದಾಗ ನಾನು ತೆಗೆದ ವಿಡಿಯೊ ನನ್ನ ಫೋನಿನಲ್ಲಿ ಉಳಿದಿತ್ತು. ಸ್ನೇಹವಿದ್ದ ಕಾಲದಲ್ಲಿ ಮೂವರೂ ಒಟ್ಟಿಗೆ ಹೋಗಿದ್ದೆವು. ಅದನ್ನು ಕೇಳಲು ಬಂದಿದ್ದಳು.

"ಅವಳ ಹೆಸರು ತೆಗೆದ್ರೆ ನಿಂಗೇನು?" ಎಂದೆ.

"ಏನೇ ಹಾಗಂತೀಯ? ಜಗಳ ಆಡಿ ಹೋದ್ಲು ಅಂತ ದುಡಿದಿದ್ದೂ ಸುಳ್ಳಾಗುತ್ತಾ? ಹೊಟ್ಟೆ ಉರಿಯುತ್ತೆ ಕಣೆ."

ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು. ನಾನು ಕಾದೆ. ಈಗ ಹೊಳೆಯುತ್ತದೆ, ಈಗ ಹೊಳೆಯುತ್ತದೆ ಎಂದು ಅವಳ ಮುಖವನ್ನೇ ನೋಡುತ್ತಾ ಕೂತೆ. ಅವಳು ಮೂಗು ಒರೆಸಿಕೊಂಡು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿದಳು.

ಪೂಜಿತಾ ಫೋನಿನಿಂದ ತಲೆ ಎತ್ತಿದಳು. "ಅಮ್ಮಾ, ಯು ಡಿಡ್ ದಿ ಸೇಮ್ ಥಿಂಗ್ ಟು ಯಾಮಿನಿ ಆಂಟಿ."

"ಅದು ಬೇರೆ, ಪುಟ್ಟಿ. ಅದು ಕಮಿಟಿ ಡಿಸಿಷನ್."

"ಲಿಸ್ಟ್ ಟೈಪ್ ಮಾಡಿದ್ದು ಯಾರು?" ಎಂದೆ.

"ನಾನೇ. ಅವರು ಹೇಳಿದ್ದನ್ನ ಟೈಪ್ ಮಾಡ್ದೆ. ಅದ್ರಲ್ಲಿ ನಂದೇನಿದೆ ಯಾಮಿನಿ?"

ಎದ್ದು ಹೋಗು ಎನ್ನಬೇಕೆಂದು ಬಾಯಿತನಕ ಬಂತು. ಆದರೆ ಆ ಹಾಯಿನ್ ನನಗೇನು ಮಾಡಿದ್ದಳು? ಇವಳ ಮೇಲಿನ ಸಿಟ್ಟನ್ನು ಆ ಹುಡುಗಿಯ ಮೇಲೆ ತೀರಿಸಿಕೊಂಡರೆ ನಾನೂ ಆ ಸಮಿತಿಯವರ ಹಾಗೇ ಆಗುತ್ತೇನೆ. ವಿಡಿಯೊ ಕಳಿಸಿದೆ. ರುಕ್ಮಿಣಿ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿ, ಕಾಫಿ ಮುಗಿಸಿ ಹೋದಳು.

ಸೋಮವಾರ ಆಫೀಸಿನಲ್ಲಿ ಆ ಪುಟ ತೆರೆದೆ. ಹಾಯಿನ್‌ಳ ಹೆಸರು ಉಳಿದಿತ್ತು. ನಿಜಕ್ಕೂ ಸಂತೋಷವಾಯಿತು. ಸಾಕ್ಷಿ ಒದಗಿಸಿದವರ ಹೆಸರನ್ನು ಕೆಳಗೆ ಹಾಕುವುದು ಅಲ್ಲಿಯ ಪದ್ಧತಿಯಂತೆ. 'ವಿಡಿಯೊ: ರುಕ್ಮಿಣಿ, ಮಿಲ್ ಕ್ರೀಕ್' ಎಂದಿತ್ತು. ಅದನ್ನು ಒತ್ತಿದರೆ ಮೊದಲು ಕೇಳಿಸುವುದು ನನ್ನ ದನಿ, ಹಾಯಿನ್, ಹಾಯಿನ್ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೇನೆ.