ಸುಬ್ಬೇಗೌಡರು ಮುಟ್ಟದ ಗುಲಾಬಿ

ಸುಬ್ಬೇಗೌಡರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಯಾವಾಗಲೂ ಹಸಿರು ಕರೆ ಇರುತ್ತಿತ್ತು. ಸೋಪಿಗೆ ಬಗ್ಗದ ಕರೆ. ಕಾಫಿ ಗಿಡದಲ್ಲಿ ನೆಟ್ಟಗೆ ಮೇಲಕ್ಕೇಳುವ ಎಳೆ ರೆಂಬೆಗೆ ನಮ್ಮ ಕಡೆ ಕಂಬಚಿಗುರು ಎನ್ನುತ್ತಾರೆ. ಅದು ಕಾಯಿ ಕೊಡುವುದಿಲ್ಲ, ಗಿಡದ ಸಾರವನ್ನು ಹೀರುತ್ತದೆ. ಅದನ್ನು ಮುರಿದು ಹಾಕುವುದು ತೋಟದ ಕೆಲಸಗಳಲ್ಲೊಂದು. ಆಳುಗಳು ಆ ಕೆಲಸವನ್ನು ಅದರ ಕಾಲ ಬಂದಾಗ ಮಾಡುತ್ತಿದ್ದರು, ಗೌಡರು ವರ್ಷವಿಡೀ ಮಾಡುತ್ತಿದ್ದರು. ಮಾತಾಡುತ್ತ ಎಲ್ಲಿ ನಿಂತರೂ ಕೈ ತಾನಾಗಿ ಪಕ್ಕದ ಗಿಡಕ್ಕೆ ಹೋಗಿ ಪಟ್ಟನೆ ಒಂದು ಚಿಗುರು ಮುರಿಯುತ್ತಿತ್ತು. ಒಮ್ಮೆ ನಮ್ಮ ಅಂಗಳದಲ್ಲಿ ನಿಂತು ರಸ್ತೆ ರಿಪೇರಿಯ ವಿಷಯ ಮಾತಾಡಿ ಹೋದರು. ಆಮೇಲೆ ನೋಡಿದರೆ ನನ್ನ ದಾಸವಾಳ ಬೋಳಾಗಿತ್ತು.

“ಬಿಟ್ರೆ ಕೆಡ್ತು” ಎನ್ನುವುದು ಅವರ ಸಿದ್ಧಾಂತ. ಗಿಡಕ್ಕೂ ಅದೇ, ನಾಯಿಗೂ ಅದೇ, ತೋಟದ ಲೆಕ್ಕ ಬರೆಯುವ ರೈಟರಿಗೂ ಅದೇ.

ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಲ್ಲಿ, ಗೌಡರ ತೋಟದ ಗೇಟಿನ ಎದುರಿಗೆ ಮನೆ ಮಾಡಿದ್ದೆ. ಅದು ತೊಂಬತ್ತರ ದಶಕದ ಕೊನೆ. ಗೌಡರಿಗೆ ಸಕ್ಕರೆ ಕಾಯಿಲೆ. ದಿನಾ ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಬೇಕಿತ್ತು. ಸಿಲ್ವರ್ ಮರ ಹತ್ತಿ ಮೆಣಸಿನ ಬಳ್ಳಿ ನೋಡಿ ಬರುವ ಗೌಡರು ಸೂಜಿ ಕಂಡರೆ ಬೆವರುತ್ತಿದ್ದರು. ಹಾಗಾಗಿ ಚುಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಏಳು ಗಂಟೆ ಎಂದರೆ ನನಗೆ ಏಳು ಗಂಟೆ. ಗೌಡರು ಜಗಲಿಯ ಬೆಂಚಿನ ಮೇಲೆ ಕೂತು ಮುಖ ಆ ಕಡೆ ತಿರುಗಿಸಿ, ನಾನು ಸಿರಿಂಜು ತೆಗೆಯುವ ಮುಂಚೆಯೇ “ಆಯ್ತಾ ಸಿಸ್ಟ್ರೇ?” ಎಂದು ಕೇಳುತ್ತಿದ್ದರು.

ಜಗಲಿಯ ಎದುರಿಗೇ ಆ ಗುಲಾಬಿ ಇದ್ದದ್ದು. ಗೌಡರ ಹೆಂಡತಿ ಲಲಿತಮ್ಮ ಊಟಿಯ ನರ್ಸರಿಯಿಂದ ತಂದದ್ದು. ಇಂಗ್ಲಿಷ್ ಗುಲಾಬಿ, ಪೊದೆಯಾಗಿ ಬೆಳೆಯುವ ಜಾತಿ. ಹೂವು ಕಡುಗೆಂಪು. ಅಂಗಡಿಯ ಗುಲಾಬಿಯ ಹಾಗೆ ಚೂಪಾಗಿ ನಿಲ್ಲುವುದಿಲ್ಲ. ಬಟ್ಟಲಿನಲ್ಲಿ ಎಸಳುಗಳನ್ನು ಒತ್ತಿ ತುಂಬಿದಂತೆ ಅರಳಿ, ಭಾರಕ್ಕೆ ತಲೆ ಬಗ್ಗಿಸುತ್ತದೆ. ನಮ್ಮ ಮಳೆ ಅದಕ್ಕೆ ಆಗಿಬರುವುದಿಲ್ಲ. ಮೊಗ್ಗು ಬಿಚ್ಚದೆ ಒದ್ದೆ ಹತ್ತಿಯುಂಡೆಯ ಹಾಗೆ ಅಂಟಿಕೊಂಡು ಕೊಳೆಯುತ್ತದೆ, ಎಲೆಗೆ ಕಪ್ಪು ಚುಕ್ಕೆ ಬೀಳುತ್ತದೆ. ಲಲಿತಮ್ಮ ಮಳೆಗಾಲದಲ್ಲಿ ಅದಕ್ಕೆ ಪ್ಲಾಸ್ಟಿಕ್ ಚಪ್ಪರ ಹಾಕಿಸುತ್ತಿದ್ದರು. ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ಒಲೆಗೆ ಹಾಕುತ್ತಿದ್ದರು. ಕೊಳೆತ ಕಾಫಿ ಸಿಪ್ಪೆಯನ್ನು ಬುಡಕ್ಕೆ ಕೊಟ್ಟು, ಮಳೆ ನಿಂತ ಮೇಲೆ ತುದಿಗಳನ್ನು ಹದವಾಗಿ ಕತ್ತರಿಸುತ್ತಿದ್ದರು. ಎಲ್ಲ ಕ್ರಮಬದ್ಧ. ನನಗೆ ಹಿಡಿಸುವಂಥ ಕೆಲಸ.

ಆದರೂ ಮೊದಲ ವರ್ಷ ಹೂವು ಬಂದದ್ದು ಒಂದೋ ಎರಡೋ. ಕಾರಣ ಎರಡನೆಯ ವರ್ಷದ ಮೊದಲ ಮಳೆಯ ಹೊತ್ತಿಗೆ ಗೊತ್ತಾಯಿತು. ನಾನು ಸಿರಿಂಜು ಒರೆಸುತ್ತಿದ್ದೆ. ಗೌಡರು ಮೇಸ್ತ್ರಿಗೆ ಅಂದಿನ ಕೆಲಸ ಹೇಳುತ್ತ ಅಂಗಳದಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಬೆರಳು ಗಾತ್ರದ ಕೆಂಪು ಚಿಗುರು ಇತ್ತು. ಲಲಿತಮ್ಮ ಒಳಗಿನಿಂದ ಬಂದವರು ಅಲ್ಲೇ ನಿಂತರು.

“ಅದೆಂತದ್ರೀ ಕೈಯಲ್ಲಿ?”

ಗೌಡರು ಕೈ ನೋಡಿಕೊಂಡರು. ಅವರಿಗೂ ಆಗಲೇ ಗೊತ್ತಾದದ್ದು. “ಕಂಬಚಿಗುರು ಕಣೇ. ಬಿಟ್ರೆ ಗಿಡ ಕೆಡ್ತು.”

“ಅದೇ ಕಣ್ರೀ ಹೂ ಬಿಡೋ ರೆಂಬೆ! ಹೋದ ವರ್ಷಾನೂ ನೀವೇ ಮುರ್ದಿದ್ದಾ? ನಾನು ಹುಳಕ್ಕೆ ಔಷಧಿ ಹೊಡ್ದು ಹೊಡ್ದು ಸತ್ತೆ.”

“ಕಾಫಿಗೆ...”

“ಇದು ನಿಮ್ಮ ಕಾಫಿಯಲ್ಲ!”

ಮೇಸ್ತ್ರಿ ಮೆಲ್ಲಗೆ ಗೇಟಿನ ಕಡೆ ಹೋದ. ಲಲಿತಮ್ಮ ಗಂಡನನ್ನು ದೇವರ ಕೋಣೆಯ ಮುಂದೆ ನಿಲ್ಲಿಸಿ, ಇನ್ನು ಈ ಗಿಡ ಮುಟ್ಟುವುದಿಲ್ಲ ಎಂದು ಮಂಜುನಾಥ ಸ್ವಾಮಿಯ ಮೇಲೆ ಆಣೆ ಮಾಡಿಸಿದರು. ಚಾರ್ಮಾಡಿ ಘಾಟಿ ಇಳಿದರೆ ಧರ್ಮಸ್ಥಳ. ಘಾಟಿಯ ಮೇಲಿನ ನಮಗೂ ಆ ಆಣೆ ತಮಾಷೆಯಲ್ಲ. ಒಮ್ಮೆ ಹಾಕಿದರೆ ಮಾಡಿದವರು, ಮಾಡಿಸಿದವರು ಇಬ್ಬರೂ ಅಲ್ಲಿಗೇ ಹೋಗಿ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದು ಕಟ್ಟು.

ಗೌಡರು ಕಟ್ಟು ಪಾಲಿಸಿದರು. ಗುಲಾಬಿಯ ಪಕ್ಕ ಹಾಯುವಾಗ ಕೈಗಳನ್ನು ಪಂಚೆಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆ ವರ್ಷ ಮಳೆ ನಿಂತ ಮೇಲೆ ಗಿಡ ತುಂಬ ಹೂವು ಬಂತು. ತೋಟಕ್ಕೆ ಬಂದವರೆಲ್ಲ ಜಗಲಿಯ ಮುಂದೆ ನಿಂತು ನೋಡಿ ಹೋದರು. ಲಲಿತಮ್ಮ ಗಂಡನಿಗೆ ಕೇಳುವಂತೆ, “ನೋಡಿ ಸಿಸ್ಟರ್, ಕೈ ಆಡಿಸದಿದ್ರೆ ಹೆಂಗೆ ಬರುತ್ತೆ” ಎಂದರು. ಗೌಡರು ಪೇಪರಿನಿಂದ ತಲೆ ಎತ್ತಲಿಲ್ಲ.

ತೊಂದರೆ ಬಂದದ್ದು ಅದರ ಮುಂದಿನ ಮಳೆಗಾಲದಲ್ಲಿ. ಬುಡದ ಪಕ್ಕದ ಮಣ್ಣಿನಿಂದಲೇ ತಿಳಿಹಸಿರಿನ ಒಂದು ಚಿಗುರು ಎದ್ದು ನೋಡನೋಡುತ್ತಾ ಆಳೆತ್ತರ ಬೆಳೆಯಿತು. ಲಲಿತಮ್ಮನಿಗೆ ಸಂಭ್ರಮ. ಬಿದಿರಿನ ಕೋಲು ನೆಟ್ಟು ಕಟ್ಟಿದರು. ಗೌಡರು ಬೆಂಚಿನಿಂದಲೇ ಹೇಳಿದರು:

“ಲಲಿತಾ, ಅದು ಕಳ್ಳ ಕಣೇ.”

“ನಿಮ್ಗೆ ಎಲ್ಲಾ ಚಿಗುರೂ ಕಳ್ಳನೇ.”

“ಕಸಿ ಗಂಟಿನ ಕೆಳಗಿಂದ ಬಂದದ್ದು ಮಾರಾಯ್ತಿ. ಅದು ಕಾಡುಗುಲಾಬಿ, ನಿನ್ನ ಕೆಂಪಿಂದಲ್ಲ. ಎಲೆ ನೋಡು, ಬೇರೆ ಥರ ಇದೆ.”

“ಹೋದ ವರ್ಷಾನೂ ಹಿಂಗೇ ಹೇಳಿದ್ರಿ.”

ಹೋದ ವರ್ಷ ಅವರು ಹೇಳಿದ್ದು ಇದಲ್ಲ. ಆದರೆ ಕೇಳುವವರಿಗೆ ಎರಡೂ ಒಂದೇ ಆಗಿತ್ತು. ಗೌಡರು ನನ್ನ ಕಡೆ ತಿರುಗಿದರು. “ನೀವಾದ್ರೂ ಹೇಳಿ ಸಿಸ್ಟ್ರೇ. ಕಸಿ ಕಿತ್ತಳೆಯಲ್ಲೂ ಹಿಂಗೇ ಆಗೋದು. ಬುಡದ ಹುಳಿ ಜಾತಿ ಎದ್ದು ಮೇಲಿನ ಕಿತ್ತಳೆನ ತಿಂದು ಹಾಕುತ್ತೆ.” ನನಗೆ ತಿಳಿಯದ ವಿಷಯಕ್ಕೆ ನಾನು ಸಾಕ್ಷಿ ಹೇಳುವುದಿಲ್ಲ. ಹಾಗೆಂದೇ ಹೇಳಿದೆ.

ಮೇಸ್ತ್ರಿಯ ಕೈಯಲ್ಲಿ ಕೀಳಿಸಬಹುದಲ್ಲ ಎಂದು ಒಂದು ದಿನ ಕೇಳಿದೆ. ಗೌಡರು ಗಂಭೀರವಾಗಿ ತಲೆಯಾಡಿಸಿದರು. “ಆಣೆ ಬರೀ ನನ್ನ ಕೈಗಲ್ಲ. ಬೇರೆಯವ್ರ ಕೈಲಿ ಮಾಡ್ಸಿದ್ರೆ ಸ್ವಾಮಿಗೆ ಗೊತ್ತಾಗಲ್ವಾ?”

ಧರ್ಮಸ್ಥಳಕ್ಕೆ ಹೋಗಿ ಆಣೆ ಬಿಡಿಸಿಕೊಂಡು ಬರೋಣ ಎಂದು ಹೆಂಡತಿಯನ್ನು ಕರೆದರು. “ಬಿಡ್ಸಿಕೊಂಡ್ರೆ ಮಾರನೇ ದಿನ ಗಿಡ ಬೋಳು” ಎಂದು ಲಲಿತಮ್ಮ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ನಾನು ಹೋದಾಗ ಗೌಡರು ಆ ಗಿಡವನ್ನೇ ನೋಡುತ್ತ ಕೂತಿರುತ್ತಿದ್ದರು. ಹಸಿರು ಚಿಗುರು ಚಪ್ಪರಕ್ಕೆ ತಾಗಿ ಬಾಗಿತು. ಕೆಂಪು ಗುಲಾಬಿಯ ರೆಂಬೆಗಳು ತುದಿಯಿಂದ ಒಣಗತೊಡಗಿದವು. ಲಲಿತಮ್ಮ ಗೊಬ್ಬರ ಹೆಚ್ಚಿಸಿದರು. ಗೊಬ್ಬರವನ್ನೆಲ್ಲ ಯಾವುದು ತಿನ್ನುತ್ತಿದೆ ಎಂಬುದು ಗೌಡರಿಗೆ ಕಾಣುತ್ತಿತ್ತು. ಗಿಡ ಹೋಗುವುದಕ್ಕಿಂತ ತಮ್ಮ ಮಾತು ಆ ಮನೆಯಲ್ಲಿ ನಡೆಯದೆ ಹೋದದ್ದು ಅವರಿಗೆ ಹೆಚ್ಚು ಚುಚ್ಚಿತೆಂದು ನನ್ನ ಅಂದಾಜು. ಅವರು ಹೇಳಿಕೊಂಡವರಲ್ಲ.

ಮಳೆ ಇಳಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗೌಡರಿಗೆ ಎದೆನೋವು ಬಂತು. ಮಂಗಳೂರಿಗೆ ಕರೆದೊಯ್ಯಬೇಕಾಯಿತು. ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಅವರು, ಅವರ ಪಕ್ಕದಲ್ಲಿ ನಾಡಿ ಹಿಡಿದು ನಾನು, ಮುಂದೆ ಲಲಿತಮ್ಮ. ಮಾತಾಡಕೂಡದು ಎಂದು ಹೊರಡುವಾಗಲೇ ಹೇಳಿದ್ದೆ. ಘಾಟಿ ಇಳಿಯುವವರೆಗೆ ಸುಮ್ಮನಿದ್ದರು. ಉಜಿರೆ ಬಂತು. ಗೌಡರು ಕಣ್ಣು ಬಿಟ್ಟರು.

“ಡ್ರೈವರ್ರೇ, ಎಡಕ್ಕೆ ತಿರುಗ್ಸಿ. ಧರ್ಮಸ್ಥಳಕ್ಕೆ ಹೋಗಿ ಆಣೆ ಬಿಡ್ಸಿಕೊಂಡು ಹೋಗಣ.”

“ಮೊದ್ಲು ಆಸ್ಪತ್ರೆ” ಎಂದರು ಲಲಿತಮ್ಮ.

“ಗಿಡ ಕಾಯಲ್ಲ ಲಲಿತಾ.”

ಕಾರು ನೇರ ಹೋಯಿತು. ಉಜಿರೆ ಹಿಂದೆ ಬಿತ್ತು. ಆಮೇಲೆ ಲಲಿತಮ್ಮ ಸೀಟಿನ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿದರು.

“ನಾನೇ ತೆಗೀತೀನಿ. ನಂಗೆ ಆಣೆ ಇಲ್ವಲ್ಲ. ಹೆಂಗೆ ತೆಗೀಬೇಕು ಹೇಳಿ.”

ಗೌಡರ ಮುಖ ಬದಲಾಯಿತು. ಏಳಲು ನೋಡಿದರು, ನಾನು ಭುಜ ಒತ್ತಿ ಮಲಗಿಸಿದೆ. ಮಲಗಿಯೇ ಶುರು ಮಾಡಿದರು. “ಬುಡದ ಮಣ್ಣು ಕೈಯಲ್ಲೇ ಕೆರೀಬೇಕು, ಗುದ್ದಲಿ ಬ್ಯಾಡ. ಕಸಿ ಗಂಟು ಸಿಗೋವರೆಗೂ ಕೆರಿ. ಗಂಟಿನ ಮೇಲಿಂದು ನಿಂದು, ಕೆಳಗಿಂದು ಕಳ್ಳಂದು. ಕತ್ತರಿ ಹಾಕ್ಬೇಡ, ಹಾಕಿದ್ರೆ ಎರಡಾಗಿ ಬರುತ್ತೆ. ಬುಡ ಸಮೇತ ಕೀಳು. ಕಿತ್ತ ಜಾಗಕ್ಕೆ ಕೊಳೀದ ಹಾಗೆ ಬೋರ್ಡೋ ಪೇಸ್ಟ್ ಹಚ್ಚು, ಗೋಡೌನಲ್ಲಿ ಇದೆ.”

“ಎಷ್ಟು ಹಚ್ಚಬೇಕು?”

“ಮಕ್ಕಳಿಗೆ ಕಾಡಿಗೆ ಹಚ್ಚಲ್ವಾ, ಅಷ್ಟು.”

ಲಲಿತಮ್ಮ ಒಂದೊಂದಾಗಿ ಕೇಳಿದರು, ಗೌಡರು ಒಂದೊಂದಾಗಿ ಹೇಳಿದರು. ನಾಡಿ ಓಡುತ್ತಿತ್ತು. ಮಾತು ನಿಲ್ಲಿಸಿ ಎಂದು ಎರಡು ಸಲ ಹೇಳಿ, ಕೈಬಿಟ್ಟೆ. ಆಸ್ಪತ್ರೆಯ ಗೇಟು ಬರುವಾಗ ಅವರು ಗೊಬ್ಬರದವರೆಗೆ ಬಂದಿದ್ದರು. ಸ್ಟ್ರೆಚರ್ ಒಳಗೆ ಹೋಯಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ವಾರದೊಳಗೆ ತೀರಿಕೊಂಡರು.

ಆಮೇಲೆ ನನಗೆ ಏಳು ಗಂಟೆಗೆ ಹೋಗುವ ಕೆಲಸ ಇರಲಿಲ್ಲ. ಕಾಫಿ ಕೊಯ್ಲು ಶುರುವಾದ ಮೇಲೆ ಲಲಿತಮ್ಮ ಹೇಳಿ ಕಳಿಸಿದರು, ಹೋದೆ. ಹಸಿರು ಚಿಗುರು ಇರಲಿಲ್ಲ. ಗಿಡ ಅರ್ಧ ಕುಗ್ಗಿತ್ತು. ಆದರೂ ನಾಲ್ಕಾರು ಕೆಂಪು ಹೂವು ತಲೆ ಬಗ್ಗಿಸಿಕೊಂಡು ಅರಳಿದ್ದವು. ಮಂಗಳೂರಿನಿಂದ ಮರಳಿ ಕ್ರಿಯೆ ಮುಗಿದ ಮಾರನೇ ದಿನವೇ ಲಲಿತಮ್ಮ ಕೈಯಾರೆ ಕಿತ್ತರಂತೆ. ಬುಡದಲ್ಲಿ ಪೇಸ್ಟಿನ ತಿಳಿನೀಲಿ ಗುರುತಿತ್ತು.

ಗೌಡರ ಫೋಟೋ ಒಳಗೆ ನಡುಕೋಣೆಯಲ್ಲಿತ್ತು. ಅದಕ್ಕೆ ಸೇವಂತಿಗೆ ಹಾರ. “ಈ ಗುಲಾಬಿಯಲ್ಲಿ ಒಂದು ಇಡಬಹುದಿತ್ತಲ್ಲ” ಎಂದೆ.

ಲಲಿತಮ್ಮ ಹೂವಿನ ಕೆಳಗೆ ಕೈಯಿಟ್ಟು ಅದರ ತಲೆಯನ್ನು ಸ್ವಲ್ಪ ಎತ್ತಿ ನೋಡಿದರು.

“ಬ್ಯಾಡ ಸಿಸ್ಟರ್. ಅವ್ರು ಒಂದು ದಿನಾನೂ ಹೂ ನೋಡ್ದವ್ರಲ್ಲ. ಗಿಡ ನೋಡ್ತಿದ್ದವ್ರು.”

ಅಷ್ಟರಲ್ಲಿ ಕಣದಿಂದ ಮೇಸ್ತ್ರಿ ಕರೆದ. ಅವರು ಕೈ ಒರೆಸಿಕೊಂಡು ಅತ್ತ ಹೋದರು.